ನೀರಯ್ಯನ ಕಲ್ಲು

ಪಾವಗಡ
ಧಾತು ಸಂವತ್ಸರದ ಆಶ್ವೀಜ ಶುದ್ಧ ಚತುರ್ದಶಿ, ಗುರುವಾರ
(೨೯-೧೦-೧೯೩೬)

ಪ್ರೀತಿಯ ಅವ್ವನಿಗೆ, ನಂದೀಶ ಮಾಡುವ ಶರಣು ಶರಣಾರ್ಥಿ.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ ಕಟ್ಟಿಕೋ ಎಂದು ಹೇಳಿ ಬಂದಿದ್ದೆ. ಕಟ್ಟಿಕೊಂಡಿರುವುದಿಲ್ಲ ಎಂದು ನನಗೆ ಗೊತ್ತು. ಮಗ ಮೇಷ್ಟ್ರಾದರೂ ನಿನ್ನ ಮೇಲೆ ಮಾತ್ರ ಅವನ ಬೆತ್ತ ನಡೆಯುವುದಿಲ್ಲ. ಎಮ್ಮೆ ಈದಿತೇ? ಗಿಣ್ಣು ಮಾಡಿದರೆ ನನ್ನ ಪಾಲು ಸಂಜೀವಯ್ಯ ಚಿಕ್ಕಪ್ಪನಿಗೆ ಹೋಗುತ್ತದೆಂದು ಹೊಟ್ಟೆ ಉರಿಯುತ್ತಿದೆ. ಈ ಕಾಗದವನ್ನು ಅಂಚೆಗೆ ಹಾಕದೆ ಕದರಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಕೊಟ್ಟ ಮೇಲೆ ಪಡಸಾಲೆಯಲ್ಲಿ ಕೂತು ಓದಬೇಡ. ದೇವರ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಓದು. ಅಕ್ಷರಗಳನ್ನು ದಪ್ಪದಪ್ಪಗೆ ಬರೆದಿದ್ದೇನೆ. ನಿನಗೆ ಓದು ಬರುವುದು ನನ್ನ ಪುಣ್ಯ. ಇಲ್ಲದಿದ್ದರೆ ಚಿಕ್ಕಪ್ಪನೇ ಓದಿ ಹೇಳಬೇಕಾಗಿತ್ತು, ಊರಿಗೆಲ್ಲ ಕೇಳಿಸುವ ಹಾಗೆ.

ಮೊದಲು ಪ್ರಯಾಣದ ಸುದ್ದಿ ಹೇಳಿಬಿಡುತ್ತೇನೆ. ಕದರಪ್ಪ ಒಂದು ಸೈಕಲ್ ತುಳಿಯುತ್ತ, ಇನ್ನೊಂದನ್ನು ಪಕ್ಕದಲ್ಲೇ ಹ್ಯಾಂಡಲ್ ಹಿಡಿದು ಓಡಿಸಿಕೊಂಡು ಹೊಳವನಹಳ್ಳಿಗೆ ಬಂದದ್ದನ್ನು ನೀನೇ ನೋಡಿದೆಯಲ್ಲ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ನನ್ನ ಲೆಕ್ಕವನ್ನೇ ನೋಡಿ ಬರೆಯುತ್ತಿದ್ದವನು, ಈಗ ಮಧುಗಿರಿ ಬೆಟ್ಟದ ಕೆಳಗೆ ಸೈಕಲ್ ಅಂಗಡಿ ಇಟ್ಟು ನನಗೇ ಬುದ್ಧಿ ಹೇಳುವಷ್ಟಾಗಿದ್ದಾನೆ. ಕೊರಟಗೆರೆ ದಾಟುವ ಹೊತ್ತಿಗೇ ನನ್ನ ತೊಡೆಗಳು ಒನಕೆಯ ಹಾಗೆ ಬಿಗಿದುಕೊಂಡಿದ್ದವು. ಅವನು ಮಾತ್ರ ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡೇ ಬಂದ. ನಾನು ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಅವನಿಗೆ ತಡೆಯದು. "ನಿನ್ ದೇವ್ರಿಗೆ ಸ್ನಾನ ಆಗೋ ಹೊತ್ಗೆ ನಾನು ಸಿರಾ ಮುಟ್ಟಿರ್ತೀನಿ ಕಣ್ಲಾ" ಎಂದು ಬಾಗಿಲಲ್ಲಿ ನಿಂತು ಬೆಲ್ ಹೊಡೆಯುತ್ತಿದ್ದ. ದಸರಾ ರಜೆ ಮುಗಿಯುವುದರೊಳಗೆ ಪಾವಗಡ ನೋಡಿ, ಸಿರಾದ ಮೇಲೆ ಬಂದು, ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಜಿಂಕೆ ಸಿಕ್ಕರೆ ಅದನ್ನೂ ನೋಡಿಕೊಂಡು ಮನೆ ಸೇರುವುದು ನಮ್ಮ ಲೆಕ್ಕವಾಗಿತ್ತು. ಸಿರಾಕ್ಕೂ ಹೋಗುತ್ತಿಲ್ಲ, ಜಿಂಕೆಯನ್ನೂ ನೋಡುತ್ತಿಲ್ಲ. ಏಕೆಂದು ಹೇಳುತ್ತೇನೆ.

ಹೊರಡುವ ದಿನ ನೀನು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು, ನನ್ನ ಮುಖ ನೋಡದೆ, "ಪಾವಗಡದ ಮ್ಯಾಲಾಸೆ ಹೋಗ್ತೀಯೇನಪ್ಪ?" ಎಂದೆ. ಹೌದು ಎಂದೆ. ಅದಕ್ಕಿಂತ ಹೆಚ್ಚು ನೀನು ಏನೂ ಕೇಳಲಿಲ್ಲ. ಆದರೆ ಅದು ಅಪ್ಪಯ್ಯನ ದಾರಿ ಎಂದು ನನಗೆ ಗೊತ್ತಿತ್ತು. ಹುಲಿಕುಂಟೆ ಕಡೆಯ ಕುರುಬರ ಹಟ್ಟಿಗಳಲ್ಲಿ ಕಂಬಳಿ ಕೊಂಡು, ಹೊತ್ತುಕೊಂಡೇ ಹೋಗಿ ಪಾವಗಡದ ಸಂತೆಯಲ್ಲಿ ಮಾರುತ್ತಿದ್ದವರು, ಕಾಳಯುಕ್ತಿ ಸಂವತ್ಸರದಲ್ಲಿ, ಆ ದೊಡ್ಡ ಜ್ವರ ಬಂದ ವರ್ಷ, ಹೋದವರು ಬರಲಿಲ್ಲ. ಆಗ ನಾನು ತೊಟ್ಟಿಲು ಬಿಟ್ಟು ಹೊಸದಾಗಿ ಓಡಾಡುತ್ತಿದ್ದ ಕೂಸು. ಅಂದಿನಿಂದ ನೀನು ಕುಂಕುಮ ಅಳಿಸಿಲ್ಲ, ಬಳೆ ಒಡೆದಿಲ್ಲ. ಅದಕ್ಕಾಗಿ ಊರವರಿಂದ ನೀನು ಕೇಳಿದ ಮಾತೂ ಕಡಿಮೆಯಲ್ಲ. ಹಿಂದೂಪುರದ ಕಡೆ ತೆಲುಗಿನವಳ ಜೊತೆ ಸಂಸಾರ ಹೂಡಿದ್ದಾನಂತೆ ಎಂದು ಚಿಕ್ಕಪ್ಪ ಹಬ್ಬಕ್ಕೊಂದು ಸಲ ಹೊಸದಾಗಿ ಹೇಳುತ್ತಾನೆ. ಈಗ ನನ್ನ ಮದುವೆ ಬೇರೆ ಬಂದಿದೆ. ವೀಳ್ಯ ಹಿಡಿದ ದಿನ ಬೀಗತಿ ಕಮಲಾಕ್ಷಮ್ಮನವರು ಎಲ್ಲರ ಎದುರಿಗೆ, "ಧಾರೆಗೆ ನೀವೇ ನಿಲ್ತೀರೋ, ಇಲ್ಲಾ ಮುತ್ತೈದೆ ಬೇರೆ ಯಾರಾದ್ರೂ ನಿಲ್ತಾರೋ?" ಎಂದಾಗ ನೀನು ಎದ್ದು ಅಡಿಗೆಮನೆಗೆ ಹೋದದ್ದು ನನಗೆ ಮರೆತಿಲ್ಲ. ಇದ್ದಾರೋ ಇಲ್ಲವೋ, ನಮ್ಮನ್ನು ಬಿಟ್ಟು ಹೋದರೋ, ಇದಕ್ಕೊಂದು ಉತ್ತರ ತಂದು ನಿನ್ನ ಮುಂದೆ ಇಡಬೇಕೆಂಬ ಆಸೆ ನನಗೂ ಇತ್ತು. ಸೈಕಲ್ ಸವಾರಿ ನೆಪ ಎಂದರೂ ತಪ್ಪಲ್ಲ.

ನಿನ್ನೆ ಬುಧವಾರ ಬೆಳಿಗ್ಗೆ ಮಧುಗಿರಿ ಬಿಟ್ಟೆವು. ಮಿಡಿಗೇಶಿಯವರೆಗೆ ಎಲ್ಲ ಚೆನ್ನಾಗಿತ್ತು. ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು, ಕೇಳಿದವರಿಗೆಲ್ಲ ಒಂದೊಂದು ಹಿಡಿ ಹಸಿಕಾಯಿ ಕೊಡುತ್ತಿದ್ದರು. ಅಲ್ಲಿಂದ ಮುಂದೆ ದೊಡ್ಡ ರಸ್ತೆ ಸುತ್ತು, ಬಂಡಿಜಾಡಿನ ಒಳದಾರಿ ಹತ್ತಿರ ಎಂದು ಕದರಪ್ಪ ಸೈಕಲ್ ತಿರುಗಿಸಿಬಿಟ್ಟ. ಸ್ವಲ್ಪ ದೂರ ಹೋಗುವುದರಲ್ಲಿ ಎದುರಿಗೆ ಒಂದು ಎತ್ತಿನ ಗಾಡಿ ಬಂತು. ಗಾಡಿಯವನು ನನ್ನನ್ನು ಕಂಡವನೇ ಎತ್ತುಗಳನ್ನು ಹೊಲಕ್ಕೆ ಇಳಿಸಿ, ತಾನೂ ಇಳಿದು, ತಲೆಯ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತ ನಿಂತ. ಅಮಲ್ದಾರರೆಂದುಕೊಂಡನೋ ಏನೋ ಎಂದು ನಾನು ಬೀಗಿದೆ. "ಈ ಮಕಕ್ಕಾ? ವಸೂಲಿಗೆ ಬಂದ ಶ್ಯಾನುಭೋಗ ಅಂದ್ಕಂಡಿರ್ಬೇಕು ಬುಡು" ಎಂದ ಕದರಪ್ಪ. ಇಬ್ಬರೂ ನಕ್ಕೆವು. ಆಮೇಲೆ ಒಂದು ತಿರುವಿನಲ್ಲಿ ಆಡು ಕಾಯುತ್ತಿದ್ದ ಹೆಂಗಸು ನನ್ನನ್ನು ನೋಡಿ, ಆಡುಗಳನ್ನು ಅಲ್ಲೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಊರ ಕಡೆ ಓಡಿದಳು. ಆಗ ನಗು ಬರಲಿಲ್ಲ. ನಾನು ತಿರುಗಿ ಹಿಂದೆ ನೋಡಿದೆ, ನನ್ನ ಬೆನ್ನ ಹಿಂದೆ ಇನ್ನಾರಾದರೂ ಬರುತ್ತಿದ್ದಾರೋ ಎಂದು. ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ಬೋಡಗುಟ್ಟೆ ಎಂಬ ಹಳ್ಳಿಯ ಹೊರಗೆ ಜಾಲಿಮುಳ್ಳು ಚುಚ್ಚಿ ನನ್ನ ಹಿಂದಿನ ಚಕ್ರದ ಗಾಳಿ ಹೋಯಿತು. ಹೊತ್ತು ನೆತ್ತಿಗೆ ಬಂದಿತ್ತು. ಒಂದು ಬೇವಿನ ಮರದ ಕೆಳಗೆ ಚಪ್ಪಡಿ ಕಲ್ಲು, ಅದರ ಮೇಲೆ ಚಿಪ್ಪು ಮುಚ್ಚಿದ ಮಣ್ಣಿನ ಕೊಡ, ತುಂಬ ತಣ್ಣನೆಯ ನೀರು. ದಾರಿಹೋಕರಿಗೆ ಇಟ್ಟ ಅರವಟ್ಟಿಗೆ ಇರಬೇಕೆಂದುಕೊಂಡು ನಾನು ಚಿಪ್ಪಿನಲ್ಲಿ ಮೊಗೆದು ಹೊಟ್ಟೆ ತುಂಬ ಕುಡಿದೆ. ಆಯಾಸಕ್ಕೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಕದರಪ್ಪ ಟ್ಯೂಬು ಎಳೆದು, ತೂತು ಹುಡುಕಲು ಅದೇ ನೀರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಬಾವಿಯ ಕಡೆಯಿಂದ ಹೆಂಗಸರ ಕೂಗು. ಒಬ್ಬಳ ತಲೆಯ ಮೇಲಿದ್ದ ಕೊಡ ಬಿದ್ದು ಒಡೆಯಿತು. ನೋಡನೋಡುತ್ತ ಊರಿನ ಜನವೆಲ್ಲ ಬಂದು ಸೇರಿದರು. ಆದರೆ ಒಬ್ಬರೂ ಹತ್ತಿರ ಬರಲಿಲ್ಲ. ಹೊಲದ ಬದುವಿನ ಆಚೆಯೇ ನಿಂತು ನನ್ನನ್ನೇ ನೋಡುತ್ತಿದ್ದರು. "ವಾಡೇ ವಚ್ಚಿನಾಡೇ, ವಾಡೇ" ಎಂದು ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದರು. ಕದರಪ್ಪನಿಗೆ ತೆಲುಗು ಬರುತ್ತದೆ. ಅವನ ಮುಖ ಬಣ್ಣಗೆಟ್ಟಿತ್ತು. "ಅವ್ನೇ ಬಂದವ್ನೆ ಅಂತಾವ್ರೆ ಕಣ್ಲಾ. ಯಾವನು ಅಂತ ನಂಗೊತ್ತಿಲ್ಲ. ನೀನು ಅಲ್ಲಾಡ್ಬ್ಯಾಡ" ಎಂದ.

ಆ ಗುಂಪಿನಿಂದ ಒಬ್ಬಳು ಮುದುಕಿ ಕೋಲೂರಿಕೊಂಡು ಬಂದಳು. ಹೆಸರು ಓಬಕ್ಕ ಎಂದು ಆಮೇಲೆ ತಿಳಿಯಿತು. ಅವಳು ನನ್ನ ಮುಖ ನೋಡುವ ಮೊದಲು ನನ್ನ ಪಾದ ನೋಡಿದಳು, ಆಮೇಲೆ ನೆಲದ ಮೇಲೆ ನೋಡಿದಳು. "ಪಾದ ಮುಂದಕ್ಕೇ ಐತೆ, ನೆಳ್ಳೂ ಬಿದ್ದೈತೆ" ಎಂದು ಹಿಂದಿದ್ದವರಿಗೆ ಕೂಗಿ ಹೇಳಿ, ನನ್ನ ಕೆನ್ನೆ ಮುಟ್ಟಿ ನೋಡಿದಳು. "ಅಂಗಾರೆ ನೀನು ಅವ್ನಲ್ಲ. ಅವ್ನಿಗೇನಾಗ್ಬೇಕಪ್ಪಾ ನೀನು?" ಎಂದಳು. ಅವ್ವಾ, ಯಾರ ಮಾತು ಎಂದು ನಾನು ಕೇಳಲೇ ಇಲ್ಲ. ಅವನ ಮಗ ಎಂದುಬಿಟ್ಟೆ. ಅದು ಹೇಗೆ ನನ್ನ ಬಾಯಿಂದ ಬಂತೋ ಈಗಲೂ ತಿಳಿಯದು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ನಿನಗೆ ಸುಳ್ಳೆನ್ನಿಸೀತು. "ಜರ ಬಂದ ವರ್ಸ ಕಣಪ್ಪಾ. ಊರಾಗೆ ಎತ್ತೋರಿಲ್ಲ, ಹೂಣೋರಿಲ್ಲ. ಸಂತೆ ನಿಂತೋಗಿತ್ತು. ಕಂಬ್ಳಿ ಗಂಟು ಅಂಗಂಗೇ ಹೊತ್ಕಂಡು ಬಂದು ಈ ಕಲ್ಲಿನ ಮ್ಯಾಗೆ ಕುಂತ. ಮೈ ಕೆಂಡ. ಯಾವೂರಪ್ಪಾ ಅಂದ್ರೆ ಮಾತಿಲ್ಲ, ಕೈ ಎತ್ತಿ ಆಕಡೀಕೆ ತೋರಿಸ್ದ." ಅವಳು ಕೈ ತೋರಿಸಿದ್ದು ನಾವು ಬಂದ ದಿಕ್ಕಿಗೆ ಅವ್ವಾ. ಮಿಡಿಗೇಶಿ, ಮಧುಗಿರಿ, ನಮ್ಮ ಮನೆಯ ದಿಕ್ಕಿಗೆ. "ಮನೀಗೆ ಹೋಗ್ತಿದ್ದ ಕಣಪ್ಪಾ ಅವ್ನು. ಹೊತ್ತು ಮುಳುಗೋವರ್ಗೂ ಕೈ ಇಳಿಸ್ಲಿಲ್ಲ." ಈ ಮಾತನ್ನು ಇನ್ನೊಂದು ಸಲ ಓದು. ಅವರು ಪಾವಗಡದಲ್ಲಿ ನಿಲ್ಲಲಿಲ್ಲ, ಹಿಂದೂಪುರಕ್ಕೂ ಹೋಗಲಿಲ್ಲ. ಮಾರಾಟವಾಗದ ಕಂಬಳಿ ಹೊತ್ತುಕೊಂಡು ನಿನ್ನ ಕಡೆಗೇ ಬರುತ್ತಿದ್ದರು. ನಡೆದು ಬರುವವರಾದ್ದರಿಂದ ಒಳದಾರಿ ಹಿಡಿದಿದ್ದರು. ಹುಡುಕಲು ಹೋಗಿದ್ದ ಚಿಕ್ಕಪ್ಪ ದೊಡ್ಡ ರಸ್ತೆಯಲ್ಲೇ ಹೋಗಿ ದೊಡ್ಡ ರಸ್ತೆಯಲ್ಲೇ ಬಂದ.

ಊರಿನಲ್ಲಿ ಆಗ ಜ್ವರ ಬಾರದೆ ಎದ್ದು ಓಡಾಡುತ್ತಿದ್ದವರು ಓಬಕ್ಕ ಮತ್ತು ಅವಳ ಗಂಡ ಇಬ್ಬರೇ. ರಾತ್ರಿ ಓಬಕ್ಕ ಅಪ್ಪಯ್ಯನ ಬಾಯಿಗೆ ನೀರು ಬಿಟ್ಟಳು, ಬೆಳಗಾಗುವುದರೊಳಗೆ ಅವರ ಉಸಿರು ನಿಂತಿತ್ತು. ಗಂಡಹೆಂಡಿರೇ ಅವರನ್ನು ಅವರದೇ ಕಂಬಳಿಯೊಂದರಲ್ಲಿ ಸುತ್ತಿ, ಕಲ್ಲಿನ ಹಿಂದಿನ ಬದುವಿನಲ್ಲಿ, ತಮ್ಮವರನ್ನು ಮಣ್ಣುಮಾಡುವ ಹಾಗೆ ಮಲಗಿಸಿ ಮಣ್ಣುಮಾಡಿದರು. ಮಾಡುವ ಮೊದಲು ಓಬಕ್ಕ ಅವರ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಕಂಡಳು. ತೆಗೆದು ನೋಡಿದರೆ ಒಳಗೆ ಲಿಂಗ. "ದೇವ್ರನ್ನ ಯಾರಾದ್ರೂ ಮಣ್ಣಿಗಾಕ್ತಾರೇನಪ್ಪಾ? ಪಾಪ ಬಂದೀತು ಅಂತ ಬಿಚ್ಚಿಟ್ಕಂಡೆ" ಎಂದಳು. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ, ಅವರ ಮನೆದೇವರ ಗೂಡಿನ ಪಕ್ಕದ ಇನ್ನೊಂದು ಗೂಡು ತೋರಿಸಿದಳು. ಒಳಗೆ ಕರಡಿಗೆ ಇತ್ತು. ಮುಚ್ಚಳದ ಮೂಲೆಯಲ್ಲಿ ಬೇರೆ ಬೆಳ್ಳಿಯ ತೇಪೆ. ಅಪ್ಪಯ್ಯನ ಕರಡಿಗೆಯ ಮುಚ್ಚಳ ಮುರಿದಾಗ ನಿನ್ನ ಒಂದು ಕಾಲುಂಗುರ ಕರಗಿಸಿ ಹಾಕಿಸಿದ್ದೆ ಎಂದು ನೀನೇ ಹೇಳಿದ್ದೆಯಲ್ಲ, ಅದು. ಅಲ್ಲೇ ಗೋಡೆಗೊರಗಿ ಕೂತೆ. ಓಬಕ್ಕ ಇಷ್ಟು ವರ್ಷವೂ ಅದಕ್ಕೆ ದಿನಾ ದೀಪ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಮುದ್ದೆಯ ಮೊದಲ ತುತ್ತು ಎಡೆ ಇಟ್ಟಿದ್ದಾಳೆ. "ಇದು ಬಂದ ಮ್ಯಾಕೆ ಸೋಮ್ವಾರ ನಮ್ಮನೇಲಿ ಮಾಂಸ ಒಲೆಗಿಕ್ಕಿಲ್ಲ" ಎಂದಳು. ನಮ್ಮ ಮನೆಯಲ್ಲೇ ಯಾರಾದರೂ ಇಷ್ಟು ಶ್ರದ್ಧೆಯಿಂದ ಪೂಜೆ ಮಾಡುತ್ತಿದ್ದರೋ ಕಾಣೆ.

ಇನ್ನು ಮುಂದಿನದನ್ನು ಬರೆಯಲು ನನಗೆ ಧೈರ್ಯ ಸಾಲದು, ಆದರೂ ಬರೆಯುತ್ತೇನೆ. ಮಣ್ಣಾದ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಅವರು ಅದೇ ಕಲ್ಲಿನ ಹತ್ತಿರ ನಿಂತಿದ್ದನ್ನು ಓಬಕ್ಕನ ಗಂಡ ನೋಡಿದನಂತೆ. ಆಮೇಲೆ ಬೇರೆಯವರಿಗೂ ಕಾಣಿಸಿತು. ಒಬ್ಬರನ್ನೂ ಮುಟ್ಟುವುದಿಲ್ಲ, ಕೂಗುವುದಿಲ್ಲ. ಹೊತ್ತು ನೆತ್ತಿಗೆ ಬಂದಾಗ ಬಂದು, ನಮ್ಮೂರ ದಿಕ್ಕಿಗೆ ಮುಖ ಮಾಡಿ, ಕೊರಳಿನಿಂದ ಎದೆಯವರೆಗೆ ಕೈಯಾಡಿಸುತ್ತ ನಿಲ್ಲುತ್ತಾರೆ. "ಗಂಟ್ಲು ಒಣಗೈತೆ, ಪಾಪ, ಅಂದ್ಕಂಡು ಕೊಡದಾಗೆ ನೀರಿಕ್ಕಾಕೆ ಸುರು ಮಾಡಿದ್ವಿ. ನೀರಯ್ಯ ಅಂತ ಹೆಸ್ರೂ ಕರದ್ವಿ. ನೀರು ಕುಡುದ್ರೆ ಹೋಯ್ತಾನೆ ಅಂತಿದ್ವಿ. ಹೋಗ್ಲೇ ಇಲ್ಲ ಕಣಪ್ಪಾ" ಎಂದಳು ಓಬಕ್ಕ. ಇದನ್ನು ಹೇಳುತ್ತ ಅವಳು ತನ್ನ ಕೈಯನ್ನು ತನ್ನ ಎದೆಯ ಮೇಲೆ ಆಡಿಸಿ ತೋರಿಸಿದಳು. ಅವ್ವಾ, ನಿದ್ದೆಯಲ್ಲಿ ಬೆಚ್ಚಿ ಎದ್ದರೆ ನಮ್ಮ ಕೈ ಮೊದಲು ಹೋಗುವುದು ಎಲ್ಲಿಗೆ? ಅವರು ನೀರು ಹುಡುಕುತ್ತಿಲ್ಲ. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಮೈಯಿಂದ ಅಗಲದ ಲಿಂಗವನ್ನು ಹುಡುಕುತ್ತಿದ್ದಾರೆ. ಸಮಾಧಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಕೂರಬೇಕಾದವರು ಬರಿಗೈಯಲ್ಲಿ ಮಲಗಿದ್ದಾರೆ. ಅದು ಎಲ್ಲೂ ಹೋಗಿಲ್ಲ, ಕೂಗಳತೆಯಲ್ಲಿ ಅವಳ ಗೂಡಿನಲ್ಲೇ ಇದೆ.

ಇದನ್ನು ನಾನು ಓಬಕ್ಕನಿಗೆ ಹೇಳಬಾರದಾಗಿತ್ತೇನೋ. ಹೇಳಿದೆ. ಅವಳು ಗೂಡಿನ ಕಡೆ ತಿರುಗಿ, "ಅಂಗಾರೆ ಇಷ್ಟ್ ವರ್ಸ ಬಿಸ್ಲಾಗೆ ಅವ್ನನ್ನ ನಿಲ್ಸಿದ್ದು ನಾನೇನಪ್ಪಾ?" ಎಂದು ಅಳತೊಡಗಿದಳು. ನಾನು ಅವಳ ಕಾಲು ಹಿಡಿದುಕೊಂಡೆ. ಅವಳು ಹಿಂದಕ್ಕೆ ಸರಿದಳು, ನಾನು ಬಿಡಲಿಲ್ಲ. ಸಾಯುವ ಹೊತ್ತಿನಲ್ಲಿ ನನ್ನ ತಂದೆಯ ಬಾಯಿಗೆ ನೀರು ಬಿಟ್ಟವಳು ಅವಳು. ಅವಳ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ, ನೀನೂ ಇಟ್ಟುಕೊಳ್ಳಬೇಡ.

ಆದರೆ ಇನ್ನೊಂದು ಇದೆ, ಅದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ನನಗೆ ಆ ಊರಿನ ಮೇಲೆ ಹೊಟ್ಟೆಕಿಚ್ಚಾಗಿದೆ. ಆಡು ಕಾಯುವವಳು ನೋಡಿದ್ದಾಳೆ, ಗಾಡಿ ಹೊಡೆಯುವವನು ನೋಡಿದ್ದಾನೆ, ಒಂದು ಹಳ್ಳಿಗೆ ಹಳ್ಳಿಯೇ ವರ್ಷ ವರ್ಷವೂ ನನ್ನ ಅಪ್ಪನನ್ನು ನೋಡಿದೆ. ನನಗೆ ಅವರ ಮುಖದ ನೆನಪೇ ಇಲ್ಲ. ಹೇಗಿರುತ್ತಾರೆ ಎಂದು ಓಬಕ್ಕನನ್ನು ಕೇಳಿದರೆ "ಕನ್ನಡೀಲಿ ನೋಡ್ಕಾ" ಎಂದುಬಿಟ್ಟಳು. ನಾನೊಬ್ಬನೇ ಆ ಬಿಸಿಲಿಗೆ ವಾಪಸ್ಸು ಹೋಗಿ ಕಲ್ಲಿನ ಹತ್ತಿರ ನಿಂತೆ. ಅಪ್ಪಯ್ಯ ಎಂದು ಕರೆದೆ. ಆ ಹೆಸರು ಕರೆದು ನನಗೆ ಅಭ್ಯಾಸವೇ ಇಲ್ಲ, ನಾಲಿಗೆ ತೊದಲಿತು. ಏನೂ ಕಾಣಿಸಲಿಲ್ಲ. ಬೇವಿನ ಎಲೆಯೂ ಅಲ್ಲಾಡಲಿಲ್ಲ. ಬದುವಿನ ಈಚೆ ಪಂಪು ಹಿಡಿದು ಕೂತಿದ್ದ ಕದರಪ್ಪ ಗಾಳಿ ಹೊಡೆಯುವುದನ್ನು ನಿಲ್ಲಿಸಿ ನನ್ನ ಕಡೆಯೇ ನೋಡುತ್ತಿದ್ದ. ಪಾವಗಡ ಸೇರುವವರೆಗೂ ಅವನು ಶಿಳ್ಳೆ ಹಾಕಲಿಲ್ಲ. ಊರು ಸೇರಿ ಸೈಕಲ್ ಗೋಡೆಗೆ ಒರಗಿಸಿದ ಮೇಲೆ ಹೇಳಿದ. "ಬೈಬ್ಯಾಡ ಕಣ್ಲಾ. ನೀನು ಕೂಗ್ದಾಗ ಕಲ್ಲತ್ರ ಇಬ್ರು ನಿಂತಿದ್ರಿ. ಅವ್ರು ನಿನ್ನನ್ನ ನೋಡ್ಲಿಲ್ಲ. ದಾರೀನೇ ನೋಡ್ತಿದ್ರು." ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಮಗನ ಕಡೆ ತಿರುಗಿ ನೋಡದವರು ಯಾರ ದಾರಿ ನೋಡುತ್ತಿದ್ದಾರೆ ಎಂದು ಯೋಚಿಸುತ್ತಲೇ ಬೆಳಗು ಮಾಡಿದೆ.

ಇಲ್ಲಿಯ ಮಠದಲ್ಲಿ ಮಲ್ಲಿಕಾರ್ಜುನಯ್ಯನವರು ಎಂಬ ವಯಸ್ಸಾದ ಜಂಗಮರಿದ್ದಾರೆ. ಎಲ್ಲವನ್ನೂ ಅವರಿಗೆ ಹೇಳಿದೆ. ಅವರು ಬೆರಗಾಗಲಿಲ್ಲ, ನಗಲೂ ಇಲ್ಲ. ಬರುವ ಸೋಮವಾರ ಹೊತ್ತು ಇಳಿದ ಮೇಲೆ ಮಣ್ಣು ತೆಗೆಸಿ, ಉಳಿದಿದ್ದನ್ನು ಕ್ರಿಯಾವಿಧಿಯಂತೆ ಕೂರಿಸಿ, ಎಡಗೈ ಇರುವಲ್ಲಿ ಲಿಂಗವಿಟ್ಟು ಸಮಾಧಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಕರಡಿಗೆ ಓಬಕ್ಕನ ಗೂಡಿನಲ್ಲೇ ಇರಲಿ, ಅಲ್ಲಿ ನಡೆದದ್ದೂ ಪೂಜೆಯೇ ಎಂದರು. ನಾನು ಇವತ್ತು ಸಂಜೆ ಬೋಡಗುಟ್ಟೆಗೆ ಹೋಗಿ ಅಲ್ಲೇ ಉಳಿಯುತ್ತೇನೆ. ಅವರನ್ನು ಮತ್ತೆ ಒಂಟಿಯಾಗಿ ಬಿಟ್ಟು ಬರಲು ನನಗೆ ಮನಸ್ಸಿಲ್ಲ. ನೀನು ಬರಬೇಕೋ ಬೇಡವೋ ನಾನು ಹೇಳಲಾರೆ, ಅಷ್ಟು ದೂರ, ಆ ಮಂಡಿ ಇಟ್ಟುಕೊಂಡು. ಇನ್ನು ನಿನ್ನ ಹಣೆಯ ವಿಷಯ. ಅದನ್ನು ಬರೆಯಲು ಕೈ ಏಳುತ್ತಿಲ್ಲ. ನಿನ್ನನ್ನು ಅವರು ಬಿಟ್ಟು ಹೋಗಿರಲಿಲ್ಲ ಎಂಬುದನ್ನು ಮಾತ್ರ ಕಮಲಾಕ್ಷಮ್ಮನವರಿಗೂ, ಚಿಕ್ಕಪ್ಪನಿಗೂ, ಬೇಕಾದರೆ ಸಂತೆಯಲ್ಲಿ ನಿಂತೂ ಹೇಳುತ್ತೇನೆ.

ಚಿಕ್ಕಮ್ಮನಿಗೆ ಶರಣು ಹೇಳು. ಊಟ ಬಿಡಬೇಡ. ಅಳು ಬಂದರೆ ತಡೆದುಕೊಳ್ಳಬೇಡ, ಬಾಗಿಲು ಹಾಕಿದೆಯಲ್ಲ. ಶಿವ ನಿನ್ನನ್ನು ಕಾಯಲಿ.

ನಿನ್ನ ಮತ್ತು ಅಪ್ಪಯ್ಯನ ಮಗ,
ನಂದೀಶ್ವರಯ್ಯ

ತಾ. ಕ.: ಕದರಪ್ಪ ಪೆಡಲಿನ ಮೇಲೆ ಕಾಲಿಟ್ಟು ಅವಸರ ಮಾಡುತ್ತಿದ್ದಾನೆ. ಅವ್ವಾ, ಮೇಲೆ ಬರೆದದ್ದು ತಪ್ಪು. ನೀನು ಬಾ. ಕದರಪ್ಪನ ಜೊತೆ ಭಾನುವಾರದ ಬಸ್ಸಿಗೇ ಬಾ, ಓಬಕ್ಕ ಮನೆಯಲ್ಲಿ ಜಾಗ ಮಾಡಿರುತ್ತಾಳೆ. ಹಣೆ ಒರೆಸಿಕೋ, ಬಳೆ ತೆಗೆ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಕುಂಕುಮ ದೊಡ್ಡದಾಗಿ ಇಟ್ಟುಕೊಂಡು, ಕೈತುಂಬ ಬಳೆ ತೊಟ್ಟುಕೊಂಡು ಬಾ. ವಿಧಿ ನಡೆಯುವುದು ಹೊತ್ತು ಇಳಿದ ಮೇಲೆ. ಅದಕ್ಕೂ ಮೊದಲು, ಸೋಮವಾರ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ನಮ್ಮೂರಿನ ಕಡೆಯ ದಾರಿಯಿಂದ ನೀನೊಬ್ಬಳೇ ಆ ಕಲ್ಲಿನವರೆಗೆ ನಡೆದು ಹೋಗು. ನಾವು ಯಾರೂ ಜೊತೆಗೆ ಬರುವುದಿಲ್ಲ. ತಡ ಮಾಡಬೇಡ ಅವ್ವಾ, ಲಿಂಗ ಕೈಗೆ ಬಂದ ಮೇಲೆ ಅವರು ಅಲ್ಲಿ ನಿಲ್ಲುವುದಿಲ್ಲ.